ಹಳೇದ ಇರ್ಲೇನ್ರಿ, ಹೊಸಾದು ತೊಗೊಳ್ಳೇನ್ರಿ?

ಶಹಾಪುರದ ಬಸ್ ಸ್ಟ್ಯಾಂಡ್ ಎದುರಿಗೆ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಫೋನು ಕೆಟ್ಟಿದೆ ಎಂದು ಬರುವವರಿಗಿಂತ, "ಇದೇ ಇರ್ಲೇನ್ರಿ, ಹೊಸಾದು ತೊಗೊಳ್ಳೇನ್ರಿ?" ಎಂದು ಕೇಳಲು ಬರುವವರೇ ಹೆಚ್ಚು. ಹೊಸದು ಮಾರಿದರೆ ನನಗೆ ಲಾಭ, ನಿಜ. ಆದರೆ ಅವರ ಫೋನು ಕೈಗೆ ತೆಗೆದುಕೊಂಡು ಎರಡು ಮಾತಾಡಿದ ಮೇಲೆ, ಪ್ರಶ್ನೆ ಫೋನಿನದೇ ಅಲ್ಲ ಎಂದು ಗೊತ್ತಾಗುತ್ತದೆ.

ಮಾಸ್ತರರ ಚೀಟಿ

ಸುರಪುರದಿಂದ ಒಬ್ಬ ನಿವೃತ್ತ ಮಾಸ್ತರರು ಬಂದರು. "ಭಾಳ ನಿಧಾನ ಆಗ್ಯಾದ್ರಿ. ಒಂದು ಫೋಟೋ ತೆರಿಯೋದ್ರಾಗ ಚಾ ಕುಡದು ಬರಬಹುದು" ಎಂದರು.

ತೆರೆದು ನೋಡಿದರೆ ಒಳಗೆಲ್ಲ ಶುಭೋದಯದ ಹೂವುಗಳು. ಸಾವಿರಾರು.

"ಇವು ಬೇಕೇನ್ರೀ ಸರ?"

"ಅಳಿಸಿದ್ರ, ಕಳಿಸಿದವ್ರು ಬ್ಯಾಸರ ಮಾಡ್ಕೊಳ್ಳೂದಿಲ್ಲೇನ್ರಿ?"

ಅವರಿಗೆ ತಿಳಿಯುವುದಿಲ್ಲ ಎಂದು ಸಮಾಧಾನ ಹೇಳಿ ಎಲ್ಲ ಅಳಿಸಿದೆ. ಫೋನು ಓಡತೊಡಗಿತು. ಮಾಸ್ತರರ ಮುಖ ಮಾತ್ರ ಇಳಿಯಿತು. ಆಮೇಲೆ ಮೆಲ್ಲಗೆ ಹೇಳಿದರು: "ನಮ್ಮ ಮನಿಯವ್ರು ಮೊನ್ನಿ ಹೊಸಾದು ತೊಗೊಂಡಾರ್ರಿ. ಇದು ರಿಪೇರಿ ಆಗಾಂಗಿಲ್ಲ ಅಂತ ಅವರಿಗೆ ತೋರ್ಸಾಕ ಒಂದು ಚೀಟಿ ಬರದುಕೊಡ್ರಲ್ಲ."

"ಅಂಥಾ ಚೀಟಿ ನನಗ ಬರಿಯಾಕ ಬರೂದಿಲ್ರಿ ಸರ."

"ಮೂವತ್ತು ವರ್ಷ ಹುಡುಗರ ರಜಾ ಚೀಟಿ ಓದೀನ್ರಿ. ಹ್ಯಾಂಗ ಬರೀಬೇಕು ನಾ ಹೇಳ್ತೀನಿ, ನೀವು ಬರೇ ಸಹಿ ಮಾಡ್ರಿ."

ಸಾಫ್ ಕ್ಯಾಮರಾ

ಸಗರದ ಕಡೆಯ ಒಬ್ಬ ಹೆಣ್ಣುಮಗಳು ಕೂಲಿ ಗುಂಪಿನ ಹಾಜರಿ ಹಿಡಿಯುವಾಕೆ. ಕಾಲುವೆ ಹೂಳು ತೆಗೆಯುವ ಜಾಗದಲ್ಲಿ ದಿನಾ ಎಲ್ಲರ ಫೋಟೋ ತೆಗೆದು ಮೇಲಿನ ಕಚೇರಿಗೆ ಕಳಿಸಬೇಕು. ಅವಳ ಫೋನಿನ ಕ್ಯಾಮರಾದ ಗಾಜು ಸೀಳು ಬಿಟ್ಟಿತ್ತು.

"ಫೋಟೋ ಹೋಗ್ಲಿಲ್ಲ ಅಂದ್ರ ಅಷ್ಟೂ ಮಂದಿ ಕೂಲಿ ಹೋದಂಗ್ರಿ. ಎಲ್ರೂ ನನ್ನ ಮಾರಿ ನೋಡ್ತಾರ" ಎಂದಳು.

ಆ ದಿನ ನಾನು ಯೋಚನೆ ಮಾಡಲಿಲ್ಲ. ಹೊಸದೇ ತೊಗೋ ತಾಯಿ ಎಂದೆ. ವಾರದ ಮೇಲೆ ಬಂದಾಗ ಕ್ಯಾಮರಾ ಹೇಗಿದೆ ಎಂದು ಕೇಳಿದೆ.

"ಭಾಳ ಸಾಫ್ ಅದ್ರಿ. ಅದೇ ತ್ರಾಸು. ಮೊದ್ಲು ಮಸುಕಿನ್ಯಾಗ ಎಲ್ರೂ ಕೆಲಸ ಮಾಡಾಕತ್ತಂಗ ಕಾಣ್ತಿದ್ರು. ಈಗ ನಮ್ಮತ್ತಿ ಬುಟ್ಟಿ ಬೋರಲ ಹಾಕಿ ಮ್ಯಾಲ ಕುಂತು ಎಲಿ ಅಡಕಿ ಹಾಕ್ಕೊಳ್ಳೋದು, ಸುಣ್ಣದ ಸಮೇತ ಕಾಣಾಕತ್ತದ."

ಮಾರಿ ನೋಡಿ ತೆರೆಯುವ ಲಾಕು

ಕಾಲುವೆ ಕೆಳಗಿನ ಒಂದು ಊರಲ್ಲಿ ಇಬ್ಬರು ಅಣ್ಣತಮ್ಮಂದಿರು. ಭತ್ತದ ಹೊಲದ ನಡುವಿನ ಒಡ್ಡಿನ ಸಲುವಾಗಿ ಆರು ವರ್ಷದಿಂದ ಮಾತಿಲ್ಲ. ಅಣ್ಣನ ಹಳೇ ಫೋನಿನ ಬ್ಯಾಟರಿ ಉಬ್ಬಿತ್ತು. ಹೊಸ ಫೋನನ್ನು ನಾನೇ ಕೊಟ್ಟೆ. ಮುಖ ನೋಡಿ ತೆರೆಯುವ ಲಾಕ್ ಹಾಕಿ, "ನಿಮ್ಮ ಮಾರಿ ಒಂದಕ್ಕೇ ತೆರಿತದ ನೋಡ್ರಿ" ಎಂದು ಜಂಬವನ್ನೂ ಕೊಚ್ಚಿದೆ.

ಹದಿನೈದು ದಿನಕ್ಕೆ ಅದೇ ಫೋನು ಹಿಡಿದು ತಮ್ಮ ಬಂದ. "ಊರಾಗ ಚಾದ ಅಂಗಡ್ಯಾಗ ಬಿದ್ದಿತ್ರಿ. ಯಾರದು ಅಂತ ನೋಡಾಕ ಎತ್ತಿದ್ರ ತಾನೇ ತೆರಕೊಂತು. ಒಳಗ ನೋಡಿದ್ರ ಅವನ ಫೋಟೋ. ಅವನ ಮನಿಗೆ ನಾ ಹೋಗಾಂವಲ್ಲ, ನೀವೇ ಕೊಟ್ಟುಬಿಡ್ರಿ."

ಮಾತು ಮುಗಿದಿರಲಿಲ್ಲ, ಫೋನು ಕಳೆದಿದೆ ಎಂದು ಅಣ್ಣನೂ ಬಂದ. ಇಬ್ಬರೂ ಒಂದೇ ಕೌಂಟರಿಗೆ ನಿಂತರು, ಮುಖ ಬೇರೆ ಬೇರೆ ಕಡೆಗೆ. ವಿಷಯ ತಿಳಿದ ಅಣ್ಣ ನನ್ನ ಮೇಲೆ ಹರಿಹಾಯ್ದ: "ನನ್ನೊಬ್ಬನಿಗೇ ಅಂದಿದ್ರಿ!"

ಪರೀಕ್ಷೆ ಮಾಡಿದೆ. ಅಣ್ಣನ ಮುಖಕ್ಕೆ ಹಿಡಿದೆ, ತೆರೆಯಿತು. ನನ್ನ ಮುಖಕ್ಕೆ ಇಲ್ಲ. ರಿಚಾರ್ಜಿಗೆ ಬಂದ ಅಜ್ಜನ ಮುಖಕ್ಕೂ ಇಲ್ಲ. ತಮ್ಮನ ಮುಖಕ್ಕೆ ಹಿಡಿದ ಕೂಡಲೇ ತೆರೆಯಿತು. ಅದೇ ಮೂಗು, ಅದೇ ಹುಬ್ಬು, ಸಿಟ್ಟು ಬಂದಾಗ ಗಂಟಾಗುವ ಅದೇ ಹಣೆ. ಊರ ಹಿರಿಯರು ಎಷ್ಟೋ ಸಲ ಕೂಡಿಸಿ ಹೇಳಿದ್ದನ್ನು ಆ ಫೋನು ಮಾತಿಲ್ಲದೆ ಹೇಳಿತ್ತು.

"ಇದನ್ನ ತಗದು ನಂಬರ್ ಲಾಕ್ ಹಾಕ್ಲೇನ್ರಿ?" ಎಂದೆ.

ಅಣ್ಣ ನನ್ನ ಕೈಯಿಂದ ಫೋನು ತೆಗೆದುಕೊಂಡು ಜೇಬಿಗೆ ಹಾಕಿಕೊಂಡ. "ಇರ್ಲಿ ಬಿಡ್ರಿ. ನಾಳಿ ನನಗೇನರ ಆದ್ರ ತೆರಿಯಾಕ ಒಬ್ರು ಬೇಕಲ್ಲ. ಆದ್ರ ನನ್ನ ಮೆಸೇಜ್ ಓದಬ್ಯಾಡ ಅಂತ ಅವಗ ಹೇಳ್ರಿ."

ಮೊಳ ದೂರದಲ್ಲಿ ನಿಂತಿದ್ದ ತಮ್ಮ ನನ್ನನ್ನೇ ನೋಡುತ್ತ ಹೇಳಿದ: "ಬಸ್ಸಿನ್ಯಾಗ ಬರ್ತಾ ಎಲ್ಲಾ ಓದೀನಿ ಅಂತ ಅವಗ ಹೇಳ್ರಿ. ಬೀಗರಿಗೆಲ್ಲ ನನ್ನ ಬೈದು ಬರದಾನ. ಬೈಲಿ, ಬ್ಯಾಡ ಅನ್ನಾಂಗಿಲ್ಲ. ಆದ್ರ ಬೆನ್ನಿಗೆ ಬಿದ್ದ ತಮ್ಮನ ಹೆಸರರ ತಪ್ಪಿಲ್ದಂಗ ಬರೀಬೇಕಿಲ್ಲೇನ್ರಿ?"