ಪರದೆಯ ಹಿಂದಿನ ಪಿಸುಮಾತನ್ನು ಊರಿಗೆಲ್ಲ ಹಂಚಿದ ಮೈಕಿಗೆ

ಸ್ಕೌಟ್ ದಳದ ಉಗ್ರಾಣದಲ್ಲಿ, ಡೇರೆ ಬಟ್ಟೆಗಳ ಮೇಲೆ ಸದಾ ಬಾಯಿ ತೆರೆದೇ ವಿಶ್ರಮಿಸುವ ಹಳೆಯ ಮೈಕು ಅವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಲೆಯೆತ್ತಿಕೊಂಡು ಬೀದಿಯಲ್ಲಿ ಓಡಾಡಲಾಗದಿರುವುದೊಂದನ್ನು ಬಿಟ್ಟರೆ ನಾನೂ ಕ್ಷೇಮ. ತಾವು ಎಷ್ಟೋ ಜನರನ್ನು ಕಂಡವರು, ಮರೆತಿರಬಹುದು. ನಾನು ಕನ್ನಡಕದಂಗಡಿಯವನು, ಭಾನುವಾರ ಮಕ್ಕಳಿಗೆ ಹಗ್ಗದ ಗಂಟು ಹಾಕುವುದನ್ನು ಕಲಿಸುವವನು, ಶಿಬಿರದ ಕೊನೆಯ ಸಂಜೆ ಬೆಂಕಿಯ ಸುತ್ತ ನಡೆಯುವ ಮನರಂಜನೆಯ ಹೊಣೆಯನ್ನು ಯಾರೂ ಕೊಡದಿದ್ದರೂ ಹೊತ್ತುಕೊಂಡವನು.

ಮಕ್ಕಳು ತಾವೇ ಏನೋ ಕಿರುನಾಟಕ ಕಟ್ಟುತ್ತೇವೆಂದು ಕುಣಿಯುತ್ತಿದ್ದರು. ಅವರ ಉತ್ಸಾಹಕ್ಕೆ ಸರಿಯಾದ ದಾರಿ ತೋರಿಸಬೇಕೆಂದು, ಅಂದರೆ ಅದನ್ನು ನಿಲ್ಲಿಸಬೇಕೆಂದು, ನಾನು ‘ಸಮಯಪಾಲನೆಯ ಮಹಿಮೆ’ ಎಂಬ ಸುದೀರ್ಘ ನಾಟಕವನ್ನು ಬರೆದುಕೊಟ್ಟೆ. ದಳದಲ್ಲೇ ಇರುವ ನನ್ನ ಮಗಳು ಅದನ್ನು ಓದಿ, “ಅಪ್ಪಾ, ಇದ್ರಲ್ಲಿ ನಗೋದು ಎಲ್ಲಿ?” ಎಂದಳು. ನಗುವುದಕ್ಕಿಂತ ದೊಡ್ಡದಾದ ನೀತಿ ಕೊನೆಯಲ್ಲಿದೆಯೆಂದು ವಿವರಿಸಿ, ಇಂಥ ಪ್ರಶ್ನೆ ಕೇಳುವವಳಿಗೆ ಮಾತೇ ಇಲ್ಲದ ಮರದ ಪಾತ್ರ ಕೊಟ್ಟೆ.

ಆ ಸಂಜೆ ತಮ್ಮನ್ನು ಪ್ರೇಕ್ಷಕರ ಕಡೆಗೆ ಮುಖಮಾಡಿಸಿ ಕೊಂಬೆಗೆ ಕಟ್ಟಿ, ಉದ್ದನೆಯ ವೈರಿನ ತುದಿಯಲ್ಲಿದ್ದ ಮಾತಾಡುವ ತುಂಡನ್ನು ಕೊರಳಿಗೆ ನೇತುಹಾಕಿಕೊಂಡು, ಅತಿಥಿಯಾಗಿ ಬಂದಿದ್ದ ಸ್ಕೌಟ್ ಕಮಿಷನರ್ರ ಎದುರು ನಾಟಕದ ಹೆಸರನ್ನು ಘೋಷಿಸಿ, ಸ್ವಿಚ್ಚು ಒತ್ತಿ ಆಫ್ ಮಾಡಿ ಪರದೆಯ ಹಿಂದೆ ಹೋದೆ. ನಾನು ಒತ್ತಿದೆ, ತಾವು ಒಪ್ಪಲಿಲ್ಲ.

ಮೊದಲ ಮಾತಿಗೇ ನಾಯಕ ತಡವರಿಸಿದ. ನಾನು ಹಿಂದಿನಿಂದ, “ಲೋ, ‘ಕಾಲವೇ ಧನ’ ಅನ್ನೋ, ಬಾಯಿಗೆ ಬೆಣೆ ಹೊಡ್ಕೊಂಡಿದೀಯಾ!” ಎಂದು ಪಿಸುಗುಟ್ಟಿದೆ. ಜನ ಗೊಳ್ಳೆಂದರು. “ಮರ ಅಲ್ಲಾಡಬಾರ್ದು!” ಎಂದು ಗದರಿದೆ. ಮಾತಿಲ್ಲದ ಮರ ಬಾಯಿಬಿಟ್ಟು, “ಅಪ್ಪಾ, ಮರಕ್ಕೂ ಸೊಳ್ಳೆ ಕಚ್ಚುತ್ತೆ” ಎಂದಿತು. ಚಪ್ಪಾಳೆಯ ಸುರಿಮಳೆ. ನನ್ನದೇ ದನಿ ಸುತ್ತಲೂ ಮೊಳಗುತ್ತಿತ್ತು, ನಿಜ. ಆದರೆ ನನಗೆ ನನ್ನ ದನಿಯೊಂದೇ ದೊಡ್ಡದಾಗಿ ಕೇಳುವುದು ಹೊಸತೇನಲ್ಲ, ಬೇಕಾದರೆ ನಮ್ಮ ಮನೆಯವರನ್ನು ವಿಚಾರಿಸಿ. ಮಕ್ಕಳ ಪೇಟ ಸರಿಪಡಿಸುತ್ತಿದ್ದ ಹೆಂಡತಿಗೆ, “ನೋಡಿದ್ಯಾ, ನಾನು ಬರೆದದ್ದು! ಆ ಬೋಳುತಲೆ ಕಮಿಷನರ್ರೂ ಆಕಳಿಸೋದು ಬಿಟ್ಟು ನಗ್ತಿದಾರೆ” ಎಂದೆ. ನಗು ಇಮ್ಮಡಿಸಿತು, ನಾನು ಉಬ್ಬಿ ಬೂದುಗುಂಬಳವಾದೆ.

ಅದೇ ಉಬ್ಬಿನಲ್ಲಿ, “ಮರ ಮಾಡ್ತಿದಾಳಲ್ಲ, ನನ್ನ ಮಗಳು, ಎಲ್ಲರಿಗಿಂತ ಚೆನ್ನಾಗಿ ಮಾಡ್ತಿದಾಳೆ ಕಣೇ. ನನಗಿಂತ ಬುದ್ಧಿವಂತೆ. ಎದುರಿಗೆ ಹೇಳಿದ್ರೆ ತಲೆಗೇರುತ್ತೆ ಅಂತ ಹೇಳಲ್ಲ” ಎಂದೂ ಅಂದೆ. ಅಷ್ಟು ಹೊತ್ತು ಮಾತಿಗೆ ಮಾತು ಕೊಡುತ್ತಿದ್ದ ಮರ ಆಗ ಕೊಂಬೆ ಇಳಿಸಿ ಪರದೆಯ ಕಡೆಗೆ ತಿರುಗಿತು. ಯಾರೂ ನಗಲಿಲ್ಲ. ಮರವೆಂಬುದನ್ನೇ ಮರೆತಳೆಂದುಕೊಂಡು ನಾನು ಗೊಣಗಿದೆ.

ಕೊನೆಗೆ ಕಮಿಷನರ್ರು ಬಂದು ಕೈಕುಲುಕಿ, “ಪರದೆ ಹಿಂದಿನ ಪಾತ್ರ ಅದ್ಭುತ ಕಣ್ರೀ! ಮಾಡಿದ್ದು ಯಾರು?” ಎಂದರು. “ಹಿಂದೆ ಯಾವ ಪಾತ್ರಾನೂ ಇರ್ಲಿಲ್ವಲ್ಲ ಸಾರ್” ಎಂದೆ. ಅದೇ ಮಾತು ಕೊಂಬೆಯಿಂದ ಇನ್ನಷ್ಟು ಗಂಭೀರವಾಗಿ ಮೊಳಗಿದಾಗ ನನಗೆ ಎಲ್ಲವೂ ಅರ್ಥವಾಯಿತು.

ಮಾನ್ಯರೇ, ತಮ್ಮ ಸೇವಾನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಆದರೂ ಅಂದು ಹಂಚಿದ ಮಾತುಗಳನ್ನು ಪ್ರೇಕ್ಷಕರ ಕಿವಿಗಳಿಂದ ಒಂದೊಂದಾಗಿ ಹೆಕ್ಕಿ ತಂದು ನನಗೆ ಮರಳಿಸಬೇಕೆಂದೂ, ಕಮಿಷನರ್ರ ತಲೆಯ ಮೇಲೆ ಕೂದಲು ಬರಿಸಿ ನನ್ನ ಮಾತನ್ನು ಸುಳ್ಳಾಗಿಸಬೇಕೆಂದೂ ವಿನಂತಿ. ಮಗಳ ಬಗ್ಗೆ ಆಡಿದ್ದನ್ನು ಮಾತ್ರ ಮರಳಿಸುವುದು ಬೇಡ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅವಳು ನನ್ನ ಕೈ ಬಿಡಲಿಲ್ಲ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ಕನ್ನಡಕದಂಗಡಿಯವನು

ಮರೆತ ಮಾತು: ಈ ಪತ್ರವನ್ನು ತಮ್ಮೆದುರು ನಿಂತು ಓದುವುದೇ ಮರ್ಯಾದೆಯೆಂದು ಬಲ್ಲೆ. ಆದರೆ ತಮ್ಮ ಹತ್ತಿರ ನಿಂತು ಇನ್ನೊಮ್ಮೆ ಬಾಯಿ ತೆರೆಯುವ ಧೈರ್ಯ ನನಗಿಲ್ಲದ ಕಾರಣ, ಬರೆದು ಉಗ್ರಾಣದ ಬಾಗಿಲಿಗೆ ಅಂಟಿಸಿದ್ದೇನೆ. ಯಾರಾದರೂ ಗಟ್ಟಿಯಾಗಿ ಓದಿದರೆ, ದಯವಿಟ್ಟು ಈ ಒಂದು ಸಲವಾದರೂ ಆಫ್ ಆಗಿರಿ.