ತಿಹಮೇರನ ಮೂಗು

ತಿಹಮೇರನಿಗೆ ನೆಗಡಿಯಾಗಲು ಆ ಶನಿವಾರವೇ ಬೇಕಿತ್ತು. ಬೆಳಿಗ್ಗೆ ಎದ್ದು ಕಾಫಿಯ ಬಟ್ಟಲಿಗೆ ಮೂಗು ತೂರಿಸಿದರೆ ಏನೂ ಇಲ್ಲ. ಬರೀ ಬಿಸಿನೀರು ಕುಡಿದಂತಾಯಿತು. ಎಗರ್ ಪಟ್ಟಣದ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವುದು ಅವನ ಕೆಲಸ; ಆದರೆ ತನ್ನ ಹಳ್ಳಿಯಲ್ಲಿ ಅವನಿಗೆ ಹೆಸರು ಬಂದಿದ್ದು ಮೂಗಿನಿಂದ. ಇಟಲಿಯದೋ ಅರ್ಜೆಂಟೀನಾದ್ದೋ, ಎಲ್ಲಿಯ ವೈನಾದರೂ ಸರಿ, ಮೂಸಿ, ಬಾಯಲ್ಲಿ ಮುಕ್ಕಳಿಸಿ, "ಇದ್ರಲ್ಲಿ ಒಣಗಿದ ಪ್ಲಮ್ ಇದೆ, ಒದ್ದೆ ಚರ್ಮ ಇದೆ" ಎನ್ನುವುದು ಅವನ ಹುಚ್ಚು. ಹೆಂಡತಿ ಎತೆಲ್ಕಾಗೆ ಅದರಲ್ಲಿ ಯಾವತ್ತೂ ವೈನ್ ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ.

ಆ ಸಂಜೆ ಊರಿನ ವೈನ್ ಪರೀಕ್ಷೆ. ಪ್ರತಿ ಫೆಬ್ರವರಿಯಲ್ಲೂ ಊರವರು ಮಾಡಿದ ವೈನಿನ ಬಾಟಲಿಗಳ ನಡುವೆ ಒಂದು ಪರದೇಶದ ಬಾಟಲಿಯೂ ಬಟ್ಟೆ ಸುತ್ತಿಕೊಂಡು ಕೂರುತ್ತದೆ. ಅದಕ್ಕೆ 'ನೆಂಟ' ಎಂದು ಹೆಸರು. ಈ ಸಲ ನೆಂಟನನ್ನು ಹಿಡಿಯುವ ಸರದಿ ತಿಹಮೇರನದು. ಮಾವ ವೆಂಡೆಲ್ ಹಿಂದಿನ ದಿನವೇ ಹೇಳಿಬಿಟ್ಟಿದ್ದರು: "ನೋಡಿ ಅಳಿಯಂದ್ರೆ, ನಂಗೂ ವಯಸ್ಸಾಯ್ತು. ನಾಳೆ ಮನೆ ಮರ್ಯಾದೆ ಉಳಿಸಿದ್ರೆ ನೆಲಮಾಳಿಗೆ ಬೀಗದ ಕೈ ನಿಮ್ದು. ಇಲ್ದಿದ್ರೆ ಬೆನೆಡೆಕ್‌ದು."

ಬೆನೆಡೆಕ್ ಅವನ ಷಡ್ಡಕ. ಬೀಟ್‌ರೂಟ್ ರಸ ಕೊಟ್ಟರೂ ವೈನೆಂದು ಕುಡಿಯುವ ಆಸಾಮಿ. ಗುಡ್ಡ ಕೊರೆದು ಮಾಡಿದ ಆ ತಣ್ಣನೆಯ ನೆಲಮಾಳಿಗೆ, ಗೋಡೆಯ ಕಪ್ಪು ಬೂಷ್ಟು, ಸಾಲು ಪೀಪಾಯಿಗಳು ಇಂಥವನ ಪಾಲಾಗುವುದೆಂದರೆ ತಿಹಮೇರನಿಗೆ ಸಹಿಸಲಾಗದ ಮಾತು.

"ಯಾರಿಗೂ ಹೇಳ್ಬೇಡ ಕಣೇ," ಎಂದು ಹೆಂಡತಿಗೆ ಹೇಳಿದ. ಎತೆಲ್ಕಾ ಪಕ್ಕದ ಮನೆಯ ರೊಜಾಲಿಯಾ ಚಿಕ್ಕಮ್ಮನಿಗೆ ಮಾತ್ರ ಹೇಳಿದಳು. ಚಿಕ್ಕಮ್ಮ ಮೂಗಿಗೇರುವ ಖಾರದ ಬೇರನ್ನು ತುರಿದುಕೊಂಡು ಬಂದೇಬಿಟ್ಟಳು.

"ಒಂದು ಚಮಚ ನುಂಗು ಮಗಾ. ಸತ್ತೋರ ಮೂಗೂ ಬಿಡುತ್ತೆ."

ಮೂಗು ಬಿಡಲಿಲ್ಲ, ಕಣ್ಣು ಬಿಟ್ಟಿತು, ಧಾರಾಕಾರ ನೀರು. ಸುದ್ದಿ ಬೆನೆಡೆಕನಿಗೂ ಮುಟ್ಟಿ, ಅವನು ಪಾಲಿಂಕಾ ಎಂಬ ಹಣ್ಣಿನ ಸಾರಾಯಿಯ ಶೀಶೆ ಹಿಡಿದು ಬಂದ. "ಬೇಡ ಅನ್ಬೇಡ ಭಾವ. ನೀನು ಗೆಲ್ಲಬೇಕು ಅಂತ ನಂಗೂ ಆಸೆ," ಎಂದು ಗಂಟಲಿಗೆ ಸುರಿದ. ಉಳಿದಿದ್ದ ನಾಲಿಗೆಯೂ ಹೋಯಿತು. ಸಂಜೆ ಹೊರಡುವಾಗ ಎತೆಲ್ಕಾ ಬೆಳ್ಳುಳ್ಳಿ ತಿನ್ನಿಸಿದಳು. ಅದು ಬೆಳ್ಳುಳ್ಳಿ ಎಂದು ಅವನಿಗೆ ಗೊತ್ತಾಗಿದ್ದು ಎದುರು ಬಂದವರು ಮುಖ ತಿರುಗಿಸಿದಾಗ.

ಸಭಾಭವನದಲ್ಲಿ ಊರಿಗೆ ಊರೇ ಸೇರಿತ್ತು. ಹಿರಿಯ ಕಾಲ್ಮಾನ್ ಬಟ್ಟೆ ಸುತ್ತಿದ ಬಾಟಲಿಗಳಿಂದ ಎಲ್ಲರಿಗೂ ಒಂದೊಂದು ಗುಟುಕು ಬಗ್ಗಿಸುತ್ತ ಬಂದ. ತಿಹಮೇರ್ ಗ್ಲಾಸು ತಿರುಗಿಸಿದ, ಮೂಸಿದ, ಕಣ್ಣು ಮುಚ್ಚಿದ. ಎಲ್ಲವೂ ಕೆಂಪು, ಎಲ್ಲವೂ ನೀರು. ಯಾವುದು ನೆಂಟ, ಯಾವುದು ಮನೆಯವನು, ದೇವರಿಗೇ ಗೊತ್ತು.

ದಿಕ್ಕು ಕಾಣದೆ ಎದುರು ಕೂತ ಮಾವನ ಮುಖ ನೋಡಿದ. ತಮ್ಮ ವೈನ್ ಬಾಯಿಗೆ ಬಿದ್ದರೆ ವೆಂಡೆಲ್ ಎದೆ ಉಬ್ಬಿಸಿ ಮೀಸೆ ಸವರುವುದು ಊರಿಗೇ ಗೊತ್ತಿದ್ದ ಸಂಗತಿ. ಎರಡನೆಯ ಗ್ಲಾಸಿಗೆ ಮಾವನ ಮುಖ ಬಿಳಿಚಿಕೊಂಡಿತು. ಮೀಸೆಗೆ ಕೈ ಹೋಗಲಿಲ್ಲ. ಕೆಮ್ಮಿದರು, ಮೇಲೆ ಸೂರು ನೋಡಿದರು. ಉಳಿದ ಗ್ಲಾಸುಗಳಿಗೂ ಮೀಸೆ ಅಲುಗಲಿಲ್ಲ. ಕೆಮ್ಮು ಮಾತ್ರ ಎರಡನೆಯದಕ್ಕೇ.

ಸನ್ನೆ ಮಾಡುತ್ತಿದ್ದಾರೆಯೇ? ಅಥವಾ ತನ್ನ ನೆಗಡಿಯೇ ಅವರಿಗೂ ಹತ್ತಿತೇ? ಯೋಚಿಸಿದಷ್ಟೂ ತಲೆ ಗಿರ್ರೆಂದಿತು. ಕೊನೆಗೆ ಎದ್ದು ನಿಂತ. "ಎರಡನೇದು. ಇದು ನಮ್ಮ ಮಣ್ಣಿಂದಲ್ಲ. ಪರದೇಶದ್ದು."

ಕಾಲ್ಮಾನ್ ಬಟ್ಟೆ ಬಿಚ್ಚಿದ. ಬಾಟಲಿಯ ಮೇಲೆ ವೆಂಡೆಲ್ ಹೆಸರಿತ್ತು. ನಿಜವಾದ ನೆಂಟ ಸ್ಪೇನಿನವನು, ಕೊನೆಯ ಬಾಟಲಿಯಲ್ಲಿ ತಣ್ಣಗೆ ಕೂತಿದ್ದ.

ಸೂರು ಹಾರಿಹೋಗುವಂತೆ ನಗು. "ಹೆಣ್ಣು ಕೊಟ್ಟ ಮಾವನ್ನೇ ಪರದೇಶಿ ಮಾಡಿದ್ಯಲ್ಲೋ," ಎಂದ ಒಬ್ಬ. "ಟಿಕೆಟ್ ಕೊಡೋನಲ್ವಾ, ಗಡಿ ದಾಟಿಸ್ಬಿಟ್ಟ," ಎಂದ ಇನ್ನೊಬ್ಬ. ತಿಹಮೇರನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

ಮಾವ ಅವನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಪಿಸುಗುಟ್ಟಿದರು: "ಯಾರು ಹೇಳಿದ್ರು ನಿಮ್ಗೆ?"

"ಏನು ಮಾವ?"

"ನನ್ನ ಪೀಪಾಯಿ ಪೂರ್ತಿ ಹುಳಿ ಬಂದಿತ್ತು. ಯಾರಿಗೂ ಗೊತ್ತಾಗ್ದಂಗೆ ಇಟಲಿ ವೈನ್ ತಂದು ನನ್ನ ಬಾಟ್ಲಿಗೆ ಸುರಿದಿದ್ದೆ."

ತಿಹಮೇರ್ ಕಕ್ಕಾಬಿಕ್ಕಿಯಾದ. "ಮಾವ, ಆಣೆಗೂ ನಂಗೆ ನೆಗಡಿ. ಏನೂ ವಾಸನೆ ಬರ್ಲಿಲ್ಲ. ನಿಮ್ಮ ಮುಖ ನೋಡಿ ಹೇಳ್ದೆ."

"ಮುಖ ನೋಡಿ ವೈನ್ ಹೇಳೋಕೆ ನೀವೇನು ಜ್ಯೋತಿಷಿನಾ? ಇಂಥ ಮೂಗನ್ನ ನೆಲಮಾಳಿಗೆಗೆ ಬಿಟ್ಕೊಂಡ್ರೆ ನನ್ನ ಗುಟ್ಟು ಒಂದೂ ಉಳಿಯಲ್ಲ. ಬೀಗದ ಕೈ ಬೆನೆಡೆಕ್‌ಗೇ. ಅವನು ಪುಣ್ಯಾತ್ಮ, ಏನು ಕೊಟ್ರೂ ಚೆನ್ನಾಗಿದೆ ಅಂತಾನೆ."

ಊರ ಪಾಲಿಗೆ ಅವನಿಗೆ ಮೂಗೇ ಇಲ್ಲ; ಮಾವನ ಪಾಲಿಗೆ ಅತಿಯಾಗಿದೆ. ಯಾರಿಗೆ ಏನು ಹೇಳಬೇಕೆಂದು ತಿಳಿಯದೆ ತಿಹಮೇರ್ ಊರೆಲ್ಲ ಸುತ್ತಿ ತಡವಾಗಿ ಮನೆ ಸೇರಿದ. ಊಟದ ಮೇಜಿನ ಮೇಲೆ ದೊಡ್ಡದೊಂದು ಡಬ್ಬ ಕೂತಿತ್ತು.

"ಅಪ್ಪ ಬೆನೆಡೆಕ್ ಕೈಲಿ ಕಳಿಸಿದ್ರು ಕಣ್ರೀ," ಎಂದಳು ಎತೆಲ್ಕಾ. "ನೆಲಮಾಳಿಗೇಲಿ ನಿಮ್ಮ ಪಾಲು ಇಷ್ಟೇ ಅಂತೆ. ವರ್ಷವೆಲ್ಲಾ ಕೋಸಿನ ಪಲ್ಯಕ್ಕೆ ಆಗುತ್ತೆ."

ತಿಹಮೇರ್ ಮುಚ್ಚಳ ತೆಗೆದ. ಬೆಳಿಗ್ಗೆಯಿಂದ ಕಟ್ಟಿದ್ದ ಮೂಗು ತಟ್ಟನೆ ಬಿಟ್ಟಿತು. ಮಾವನ ಹುಳಿ ಬಂದ ವೈನ್, ಈಗ ಅಪ್ಪಟ ವಿನೆಗರ್. ಅದರಲ್ಲಿ ಒಣಗಿದ ಪ್ಲಮ್ ಇತ್ತು, ಒದ್ದೆ ಚರ್ಮವೂ ಇತ್ತು.