ಕಂಪನಿ ಖರ್ಚಿನ ಕೂಸು

ನಮ್ಮ ಎಸ್ಟೇಟಿನಲ್ಲಿ ಗುಟ್ಟು ಅನ್ನುವುದು ಯಾವತ್ತೂ ಉಳಿದದ್ದಿಲ್ಲ. ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನಿನ ಮನೆಗಳಿಗೆಲ್ಲ ನಡುವೆ ಒಂದೊಂದೇ ಗೋಡೆ. ಈ ತುದಿಯಲ್ಲಿ ಯಾರಾದರೂ ಸೀನಿದರೆ ಆ ತುದಿಯಲ್ಲಿ ಕಷಾಯಕ್ಕೆ ನೀರಿಡುತ್ತಿದ್ದರು. ಅಂಥ ಕಡೆ ನಾನು ಯಾರಿಗೂ ತಿಳಿಯದ ಹಾಗೆ ಬಸುರಿಯಾಗಲು ಹೊರಟಿದ್ದೆ.

ಹೆತ್ತೂರಿನಾಚೆಯ ಕಂಪನಿ ಎಸ್ಟೇಟು ಅದು. ನಾನು ಅಲ್ಲಿನ ಶಿಶುವಿಹಾರದ ಟೀಚರು, ನಮ್ಮ ಯಜಮಾನರು ಅಲ್ಲೇ ಜೀಪ್ ಡ್ರೈವರು. ಕಾಫಿ ಕುಯ್ಯಲು ಹೋಗುವ ಹೆಂಗಸರ ಮಕ್ಕಳಿಗೆ ಮೂಗೊರೆಸಿ, ತೊಟ್ಟಿಲು ತೂಗುವುದು ನನ್ನ ಕೆಲಸ. ಸಂಜೆ ಸೈರನ್ ಕೂಗಿದರೆ ತಾಯಂದಿರು ಬಂದು ತಮ್ಮ ತಮ್ಮ ಕೂಸುಗಳನ್ನು ಎತ್ತಿಕೊಂಡು ಹೋಗುತ್ತಿದ್ದರು. ನಾನು ಬಾಗಿಲು ಹಾಕಿ ಬರಿಗೈಯಲ್ಲಿ ಮನೆಗೆ ಬರುತ್ತಿದ್ದೆ. ಮದುವೆಯಾಗಿ ಬಹಳ ವರ್ಷಗಳಾಗಿದ್ದವು. ಆ ಹೊತ್ತಿನ ಸಂಕಟ ಶತ್ರುವಿಗೂ ಬೇಡ.

ಅಜ್ಜಿಯ ಪಾಲು

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಂಪನಿಯ ದೊಡ್ಡ ಆಫೀಸಿಗೆ ಒಳ್ಳೆಯ ಬುದ್ಧಿ ಬಂತು. ಮಕ್ಕಳಿಲ್ಲದ ನೌಕರರಿಗೆ ಮಕ್ಕಳಾಗುವ ಚಿಕಿತ್ಸೆಯ ಖರ್ಚನ್ನು ಇನ್ನು ಮುಂದೆ ಕಂಪನಿಯೇ ಕೊಡುವುದೆಂದು ತೀರ್ಮಾನವಾಯಿತು. ಇದನ್ನು ನನ್ನನ್ನು ಒಳಗೆ ಕರೆದು ಮೆಲ್ಲಗೆ ಹೇಳಬಹುದಿತ್ತು. ನಮ್ಮ ಮ್ಯಾನೇಜರು ಬೆಳಗಿನ ಹಾಜರಿಗೆ ಎಲ್ಲರೂ ಸಾಲಾಗಿ ನಿಂತಿದ್ದಾಗ ಗಟ್ಟಿಯಾಗಿ ಹೇಳಿಬಿಟ್ಟರು. ಅಷ್ಟೂ ಕತ್ತುಗಳು ನನ್ನ ಕಡೆ ತಿರುಗಿದವು. ನಾನು ನನ್ನ ಚಪ್ಪಲಿಯನ್ನೇ ನೋಡುತ್ತಾ ನಿಂತೆ.

ಎಸ್ಟೇಟಿನಲ್ಲಿ ಒಂದು ಪದ್ಧತಿ. ಕಂಬಳಿಯಾಗಲಿ, ಹಬ್ಬದ ಬೆಲ್ಲವಾಗಲಿ, ಕಂಪನಿ ಕೊಟ್ಟದ್ದು ಎಲ್ಲರಿಗೂ ಸಮ. ಒಬ್ಬರಿಗೆ ಕಡಿಮೆಯಾದರೂ ಕೆಲಸ ನಿಂತುಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಹೆಂಗಸರೆಲ್ಲ ಆಫೀಸಿನ ಮುಂದೆ ಸೇರಿದ್ದರು. ಎಲ್ಲರಿಗಿಂತ ಮುಂದೆ ಕುಯ್ಲಿನವರ ಮುಖಂಡಳಾದ ಅಜ್ಜಿ. ಅವಳ ಮೊಮ್ಮಕ್ಕಳೇ ನನ್ನ ಶಿಶುವಿಹಾರದ ಅರ್ಧ ತುಂಬಿದ್ದರು. ತನಗೂ ಸವಲತ್ತು ಬೇಕೆಂದು ಅವಳು ಪಟ್ಟು ಹಿಡಿದಳು. ನಿನಗೆ ಮನೆ ತುಂಬ ಮಕ್ಕಳಿದ್ದಾರಲ್ಲ ಎಂದು ಮ್ಯಾನೇಜರು ತಾಳ್ಮೆಯಿಂದಲೇ ಹೇಳಿದರು.

"ಅವೆಲ್ಲ ನನ್ ಖರ್ಚಲ್ಲಿ ಆಗಿದ್ದು ಸಾಹೇಬ್ರೆ. ಕಂಪ್ನಿ ಖರ್ಚಿಂದು ಒಂದೂ ಇಲ್ಲ."

ಕಾಂಪೌಂಡರ ಬಕೆಟ್ಟು

ಸವಲತ್ತು ಏನು, ಎತ್ತ ಎಂದು ನನಗೆ ಬಿಡಿಸಿ ಹೇಳುವ ಕೆಲಸ ನಮ್ಮ ಆಸ್ಪತ್ರೆಯ ಕಾಂಪೌಂಡರ ಪಾಲಿಗೆ ಬಂತು. ಪಾಪ, ಅವರು ಅಷ್ಟು ವರ್ಷವೂ ಲೈನಿನಲ್ಲಿ ಮನೆಮನೆ ಸುತ್ತಿ, ಎರಡು ಮಕ್ಕಳು ಸಾಕು, ಆಪರೇಷನ್ ಮಾಡಿಸಿಕೊಳ್ಳಿ ಎಂದು ದುಂಬಾಲು ಬಿದ್ದವರು. ಮಾಡಿಸಿಕೊಂಡವರಿಗೆ ಕಂಪನಿಯಿಂದ ಒಂದು ಸ್ಟೀಲ್ ಬಕೆಟ್ಟು ಕೊಡಿಸುತ್ತಿದ್ದರು. ಈಗ ಅದೇ ಬಾಯಲ್ಲಿ ಉಲ್ಟಾ ಹೇಳಬೇಕಾಗಿತ್ತು.

ಪರೀಕ್ಷೆ, ಔಷಧಿ, ಇಂಜೆಕ್ಷನ್ನು, ಮಂಗಳೂರಿನ ಆಸ್ಪತ್ರೆಯ ಖರ್ಚು ಎಲ್ಲ ಕಂಪನಿಯದು. ಆದರೆ ಎರಡು ಸಲ ಮಾತ್ರ. ಎರಡೂ ಕೈಕೊಟ್ಟರೆ ಮೂರನೆಯದು ನಮ್ಮದೇ ಪಾಡು. ನಮ್ಮಿಬ್ಬರ ಸಂಬಳದಲ್ಲಿ ಮೂರನೆಯದು ಕನಸಿನ ಮಾತು.

ನಾನು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ನಡುವೆ ನನ್ನ ಕೆಲಸ ಹೋದರೆ ಏನು ಗತಿ? ಅವಳಿಯಾದರೆ ಒಂದರ ಖರ್ಚು ನಮ್ಮ ತಲೆಗೆ ಬರುತ್ತದಾ? ಕಂಪನಿ ದುಡ್ಡಲ್ಲಿ ಹುಟ್ಟಿದ ಮಗು ದೊಡ್ಡದಾದ ಮೇಲೆ ಕಂಪನಿಗೇ ದುಡಿಯಬೇಕಾ? ಕಾಂಪೌಂಡರು ಬೇಸರಿಸದೆ ಎಲ್ಲದಕ್ಕೂ ಉತ್ತರ ಕೊಟ್ಟರು. ಏನೂ ಹೆದರಬೇಡ ಎಂದು ಧೈರ್ಯ ಹೇಳಿ, ಹೊಸಿಲು ದಾಟಿದವರು ತಿರುಗಿ ನಿಂತರು.

"ಒಳ್ಳೇದಾಗ್ತದೆ ಕಣಮ್ಮ. ಆದ್ರೆ ಎರಡಾದ ಕೂಡ್ಲೇ ನನ್ ಹತ್ರ ಬಂದ್ಬುಡು. ನಿಂಗೊಂದು ಬಕೆಟ್ಟು ತೆಗೆದಿಟ್ಟಿರ್ತೀನಿ."

ಖಾಲಿ ಹೋಗದ ಜೀಪು

ಮಂಗಳೂರಿಗೆ ಹಲ್ಲು ಕೀಳಿಸಲು ಹೋಗುತ್ತಿದ್ದೇನೆ ಎಂದು ಲೈನಿನಲ್ಲಿ ಹಬ್ಬಿಸಿದ್ದೆ. ಆದರೆ ಎಸ್ಟೇಟ್ ಜೀಪು ಪೇಟೆಗೆ ಖಾಲಿ ಹೋಗುವುದು ನಮ್ಮ ಕಡೆ ಮಹಾ ಅಪರಾಧ. ಹೊರಡುವ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಲವರಿಗೆ ಒಣಮೀನು ಬೇಕು, ಒಬ್ಬರಿಗೆ ಮಗಳ ಮನೆ, ಇನ್ನೊಬ್ಬರು ಸಮುದ್ರವನ್ನೇ ನೋಡಿರಲಿಲ್ಲವಂತೆ. ಶಿರಾಡಿ ಘಾಟಿಯುದ್ದಕ್ಕೂ ಅವರೆಲ್ಲ ಸೇರಿ ನನ್ನ ಹಲ್ಲುನೋವಿಗೆ ಮದ್ದು ಹೇಳಿದರು.

ನಮ್ಮ ಯಜಮಾನರು ನನ್ನನ್ನೂ ಕಂಪನಿಯ ಕಾಗದ ಹಿಡಿದು ಜೊತೆಗೆ ಬಂದಿದ್ದ ಕಾಂಪೌಂಡರನ್ನೂ ಆಸ್ಪತ್ರೆಯಲ್ಲಿ ಇಳಿಸಿ, ಉಳಿದವರನ್ನು ಮೀನಿನ ದೋಣಿಗಳು ಬಂದು ನಿಲ್ಲುವ ಧಕ್ಕೆಗೆ ಬಿಡಲು ಹೋದರು. ಅಷ್ಟರಲ್ಲಿ ನನ್ನ ಹೆಸರು ಕೂಗಿದರು, ನಾವಿಬ್ಬರೇ ಒಳಗೆ ಹೋದೆವು. ಡಾಕ್ಟರಮ್ಮ ಕಾಂಪೌಂಡರನ್ನು ಮೇಲಿಂದ ಕೆಳಗೆ ನೋಡಿ, ಇಷ್ಟು ವಯಸ್ಸಾಗುವ ತನಕ ಏನು ಮಾಡುತ್ತಿದ್ದಿರಿ ಎಂದು ಶುರು ಮಾಡಿದರು. ಕಾಂಪೌಂಡರು ಬಾಯಿ ತೆರೆಯಲು ಹೋದರೆ ಬೀಡಿಯ ವಾಸನೆ ಹೊಡೆದು ಡಾಕ್ಟರಮ್ಮನ ಸಿಟ್ಟು ಇನ್ನೂ ಏರಿತು. ಬೀಡಿ ಸೇದಿದರೆ ಮಕ್ಕಳಾಗುತ್ತವೆಯೇ, ಹೆಂಡತಿಯ ಮುಖ ನೋಡಿಯಾದರೂ ಬಿಡಬಾರದೇ ಎಂದು ಚೆನ್ನಾಗಿ ಬೈದರು. ಎಲ್ಲಿ ಏನು ಹೇಳಿದರೆ ಕಂಪನಿಯ ಸವಲತ್ತು ತಪ್ಪುತ್ತದೋ ಎಂಬ ಭಯಕ್ಕೆ ನನ್ನ ನಾಲಿಗೆಯೇ ಏಳಲಿಲ್ಲ.

ಆಗ ನಮ್ಮ ಯಜಮಾನರು ಓಡೋಡಿ ಬಂದರು. ಇವರು ಯಾರು ಎಂದು ಡಾಕ್ಟರಮ್ಮ ಕೇಳಿದರು. ಗಾಬರಿಯಲ್ಲಿದ್ದ ಕಾಂಪೌಂಡರು, ನಮ್ಮ ಡ್ರೈವರು ಎಂದುಬಿಟ್ಟರು. ಹಾಗಾದರೆ ಹೊರಗೆ ಕೂತಿರಿ ಎಂದರು ಡಾಕ್ಟರಮ್ಮ. ಸಾಹೇಬರಿಗಾಗಿ ಹೊರಗೆ ಕಾದು ಕಾದು ಅಭ್ಯಾಸವಾಗಿದ್ದ ನಮ್ಮವರು, ಆಗಲಿ ಮೇಡಂ ಎಂದು ಹೋಗಿ ಕೂತರು!

ನಿಜ ತಿಳಿದಾಗ ಡಾಕ್ಟರಮ್ಮನಿಗೂ ನಗು ತಡೆಯಲಾಗಲಿಲ್ಲ. ಚಿಕಿತ್ಸೆ ಅವತ್ತೇ ಶುರುವಾಯಿತು. ಅದರಿಂದ ಮೊದಲು ಗುಣ ಕಂಡವರು ಕಾಂಪೌಂಡರು. ಆಮೇಲೆ ಅವರು ಬೀಡಿ ಮುಟ್ಟಲಿಲ್ಲ.

ಹೊತ್ತಲ್ಲದ ಹೊತ್ತಿನ ಸೈರನ್

ಮೊದಲನೆಯ ಸಲ ಫಲ ಕೊಡಲಿಲ್ಲ. ಅವತ್ತೂ ಶಿಶುವಿಹಾರಕ್ಕೆ ಹೋದೆ. ಒಂದು ಕೂಸಿಗೆ ಗಂಜಿ ಕುಡಿಸುತ್ತಾ ಕುಡಿಸುತ್ತಾ ನನಗೇ ಅಳು ತಡೆಯಲಾಗಲಿಲ್ಲ. ಅಜ್ಜಿ ಬಂದವಳು ನನ್ನ ಕೈಯಿಂದ ಬಟ್ಟಲು ಇಸಿದುಕೊಂಡು, ಹಲ್ಲುನೋವು ಬೇಗ ವಾಸಿಯಾಗುವುದಿಲ್ಲ ಕಣವ್ವ ಎಂದಳು. ಅವಳಿಗೆ ಎಲ್ಲ ಗೊತ್ತಿತ್ತು. ಲೈನಿಗೆಲ್ಲ ಗೊತ್ತಿತ್ತು.

ಎರಡನೆಯದೇ ಕೊನೆಯದು. ಅದು ಮುಗಿಸಿಕೊಂಡು ಬರುವಾಗ ಜೀಪು ಕುಲುಕಬಾರದೆಂದು ನಮ್ಮವರು ಘಾಟಿಯಲ್ಲಿ ಎಷ್ಟು ಮೆಲ್ಲಗೆ ಓಡಿಸಿದರೆಂದರೆ, ದಾರಿಯಲ್ಲಿ ಒಂದು ಎಮ್ಮೆ ನಮ್ಮನ್ನು ದಾಟಿಕೊಂಡು ಹೋಯಿತು. ಮನೆಗೆ ಬಂದ ಮೇಲೆ ನನಗೆ ಕೆಮ್ಮಲೂ ಹೆದರಿಕೆ. ಕೊನೆಗೆ ರಕ್ತವನ್ನು ಪರೀಕ್ಷೆಗೆ ಕೊಟ್ಟು ಬಂದೆವು. ಫಲಿತಾಂಶವನ್ನು ಎಸ್ಟೇಟ್ ಆಸ್ಪತ್ರೆಗೆ ಫೋನು ಮಾಡಿ ತಿಳಿಸುತ್ತೇವೆ ಎಂದಿದ್ದರು.

ಕುಯ್ಲಿನ ಕಾಲ, ಬೆಳಗ್ಗೆ ಬಿಸಿಲೇರುವ ಹೊತ್ತು. ಇದ್ದಕ್ಕಿದ್ದಂತೆ ಸೈರನ್ ಕೂಗಿತು. ಹೊತ್ತಲ್ಲದ ಹೊತ್ತಿನ ಸೈರನ್ ಕೇಳಿ, ಎಲ್ಲೋ ಬೆಂಕಿ ಬಿದ್ದಿದೆ ಎಂದುಕೊಂಡು ಇದ್ದಬದ್ದ ಮಕ್ಕಳನ್ನೆಲ್ಲ ಹೊರಗೆ ಸಾಗಿಸಿದೆ. ತೋಟದಲ್ಲಿದ್ದವರು ಕೆಲಸ ಬಿಟ್ಟಿತೆಂದು ಚೀಲ ಹೊತ್ತು ಇಳಿದು ಬಂದರು. ಮ್ಯಾನೇಜರು ಕೆಂಡಾಮಂಡಲವಾಗಿ ಬಂದು ನೋಡಿದರೆ ಸೈರನ್ನಿನ ಸ್ವಿಚ್ಚಿನ ಹತ್ತಿರ ಕಾಂಪೌಂಡರು ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದಾರೆ. ನಾನು ಬಸುರಿ ಎಂದು ಮಂಗಳೂರಿನಿಂದ ಫೋನು ಬಂದಿತ್ತು. ಗುಟ್ಟಾಗಿ ಹೇಳಬೇಕೆಂದು ಅವರೂ ಅಂದುಕೊಂಡಿದ್ದರಂತೆ, ಆಗಲಿಲ್ಲವಂತೆ.

ಎಲ್ಲರೂ ವಾಪಸ್ ಕೆಲಸಕ್ಕೆ ಹೋಗಿ ಎಂದು ಮ್ಯಾನೇಜರು ಗದರಿದರು. ಅಜ್ಜಿ ಕದಲಲಿಲ್ಲ. "ಕೂಗಿದ್ ಸೈರನ್ ವಾಪಸ್ ನುಂಗಕ್ಕಾಯ್ತದಾ ಸಾಹೇಬ್ರೆ?" ಎಂದಳು. ಅವತ್ತು ಎಸ್ಟೇಟಿಗೆಲ್ಲ ರಜೆ. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಈಗಲೂ ಹೇಳಲಾರೆ.

ಮಗಳು ಹುಟ್ಟಿದಳು. ಬಾಣಂತನ ಮುಗಿಸಿ ಅವಳನ್ನೆತ್ತಿಕೊಂಡು ಶಿಶುವಿಹಾರಕ್ಕೆ ಬಂದ ಮೊದಲ ದಿನ, ಸಂಜೆ ಸೈರನ್ ಕೂಗಿತು. ತಾಯಂದಿರು ಬಂದು ತಮ್ಮ ತಮ್ಮ ಮಕ್ಕಳನ್ನು ಎತ್ತಿಕೊಂಡರು. ಇನ್ನು ನನ್ನದೂ ಒಂದಿದೆಯಲ್ಲ ಎಂದು ಹಿಗ್ಗುತ್ತಾ ತೊಟ್ಟಿಲಿಗೆ ಬಗ್ಗಿದೆ. ತೊಟ್ಟಿಲು ಖಾಲಿ. ಬರಿಗೈಯಲ್ಲೇ ಹೊರಗೆ ಓಡಿದೆ. ಅಜ್ಜಿ ನನ್ನ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಲೈನಿನ ದಾರಿ ಹಿಡಿದಿದ್ದಳು. ಅವಳ ಹಿಂದೆ ಹೆಂಗಸರೆಲ್ಲ ಸಾಲಾಗಿ ಹೊರಟಿದ್ದರು. ಎಲ್ಲಿಗೆ ಅಜ್ಜಿ ಎಂದು ಕೂಗಿದೆ. ಅವಳು ನಿಲ್ಲಲೂ ಇಲ್ಲ.

"ಕಂಪ್ನಿ ಕೊಟ್ಟಿದ್ದು ಎಲ್ರಿಗೂ ಸಮ ಕಣವ್ವ. ಇವತ್ತು ನನ್ ಪಾಲು."